ಥ್ಯಾಂಕ್ಸ್‌ಗಿವಿಂಗ್ ಊಟ: ಟರ್ಕಿಯ ಒಳಗೆ, ಪಕ್ಕದಲ್ಲಿ, ಮರುದಿನ

ಥ್ಯಾಂಕ್ಸ್‌ಗಿವಿಂಗ್ ಎಂಬ ಅಮೆರಿಕ, ಕೆನಡಾದ ಕೃತಜ್ಞತೆಯ ಹಬ್ಬದ ಬಗ್ಗೆ ಓದೋಕೆ ಕೂತರೆ ಎಲ್ಲರ ಕಣ್ಣೂ ಮೊದಲು ಟರ್ಕಿ ಕೋಳಿ ಮೇಲೇ ಬೀಳುತ್ತದೆ. ಆದರೆ ಬೇರೆ ಬೇರೆ ದೇಶದವರು ಮದುವೆಯಾಗಿ ಕಟ್ಟಿಕೊಂಡ ಮನೆಯ ಊಟ ಅರ್ಥ ಆಗಬೇಕಾದರೆ ಆ ಕೋಳಿ ಜಾಸ್ತಿ ಏನೂ ಹೇಳುವುದಿಲ್ಲ, ಅದು ಹೆಚ್ಚುಕಡಿಮೆ ಎಲ್ಲ ಮನೆಯಲ್ಲೂ ಇರುತ್ತದೆ. ನೋಡಬೇಕಾದ್ದು ಮೂರು ಜಾಗ. ಕೋಳಿಯ ಹೊಟ್ಟೆಯಲ್ಲಿ ಏನು ತುಂಬಿದ್ದಾರೆ, ಪಕ್ಕದಲ್ಲಿ ಏನು ಬಡಿಸಿದ್ದಾರೆ, ಉಳಿದದ್ದನ್ನು ಮರುದಿನ ಏನು ಮಾಡುತ್ತಾರೆ.

ಮೊದಲು ಸ್ವಲ್ಪ ಹಿನ್ನೆಲೆ. ಅಮೆರಿಕದಲ್ಲಿ ಈ ಹಬ್ಬ ನವೆಂಬರ್‌ನ ನಾಲ್ಕನೇ ಗುರುವಾರ, ಕೆನಡಾದಲ್ಲಿ ಅಕ್ಟೋಬರ್‌ನ ಎರಡನೇ ಸೋಮವಾರ. ಗಂಡ ಒಂದು ಕಡೆಯವನು, ಹೆಂಡತಿ ಇನ್ನೊಂದು ಕಡೆಯವಳು ಆದರೆ ವರ್ಷಕ್ಕೆ ಎರಡು ಸಲ ಮಾಡಬಹುದು. 1621ರಲ್ಲಿ ಅಮೆರಿಕದ ಪ್ಲಿಮತ್‌ನಲ್ಲಿ ಇಂಗ್ಲೆಂಡಿನಿಂದ ಬಂದವರ ಜೊತೆ ಸುಮಾರು 90 ಮಂದಿ ವಾಂಪನೋಗ್ ಮೂಲನಿವಾಸಿಗಳು ಮೂರು ದಿನ ಉಂಡರು, ಐದು ಜಿಂಕೆ ತಂದುಕೊಟ್ಟವರೂ ಅವರೇ. ಆಲೂಗಡ್ಡೆಯಾಗಲಿ, ಕುಂಬಳಕಾಯಿ ಪೈ (ಹಿಟ್ಟಿನ ತಟ್ಟೆಯಲ್ಲಿ ಹೂರಣ ತುಂಬಿ ಸುಟ್ಟ ಸಿಹಿ) ಆಗಲಿ ಅವತ್ತು ಇರಲಿಲ್ಲ. ದೇಶಕ್ಕೆಲ್ಲ ಒಂದೇ ಹಬ್ಬ ಆಗಿದ್ದು ತುಂಬಾ ಆಮೇಲೆ: ಸಾರಾ ಜೊಸೆಫಾ ಹೇಲ್ ಎಂಬ ಪತ್ರಿಕಾ ಸಂಪಾದಕಿ ವರ್ಷಗಟ್ಟಲೆ ಪಟ್ಟು ಹಿಡಿದ ಮೇಲೆ 1863ರಲ್ಲಿ ಅಧ್ಯಕ್ಷ ಲಿಂಕನ್ ಘೋಷಣೆ ಹೊರಡಿಸಿದರು. ನಾಲ್ಕನೇ ಗುರುವಾರ ಅಂತ ಕಾನೂನಾಗಿದ್ದು 1941ರಲ್ಲಿ. ಒಂದು ವಿಷಯ ಮರೆಯಬೇಡಿ. 1970ರಿಂದ ಇದೇ ದಿನ ಅದೇ ಪ್ಲಿಮತ್‌ನಲ್ಲಿ ಮೂಲನಿವಾಸಿಗಳು ಶೋಕದಿನ ಆಚರಿಸುತ್ತಾರೆ. ಮನೆಯಲ್ಲಿ ಒಬ್ಬರು ಮೂಲನಿವಾಸಿ ಇದ್ದರೆ ಊಟದ ಮೇಜಿನ ಮಾತೇ ಬೇರೆಯಾಗುತ್ತದೆ.

ಹಕ್ಕಿಯ ಹೆಸರಿನ ಕಥೆಯನ್ನೂ ಹೇಳಿಬಿಡುತ್ತೇನೆ, ನನಗೆ ತುಂಬಾ ಇಷ್ಟವಾದ ಭಾಗ ಇದು. ಟರ್ಕಿ ಕೋಳಿಯನ್ನು ಮೊದಲು ಸಾಕಿದ್ದು ಮೆಕ್ಸಿಕೋ ಕಡೆಯ ಜನ. ಯುರೋಪಿಗೆ ಬಂದಾಗ ಅದು ಎಲ್ಲಿಯದು ಅಂತ ಗೊಂದಲವಾಗಿ ಇಂಗ್ಲಿಷರು ಟರ್ಕಿ ಅಂದರು, ಟರ್ಕಿ ದೇಶದವರು ಹಿಂದಿ ಅಂದರು, ಅಂದರೆ ಇಂಡಿಯಾದ್ದು. ಡಚ್ಚರು ಕಾಲ್ಕುನ್ ಅಂದರು, ಅದು ನಮ್ಮ ಪಕ್ಕದ ಕಲ್ಲಿಕೋಟೆಯಿಂದ ಹುಟ್ಟಿದ ಹೆಸರು! ಮೆಕ್ಸಿಕೋ ಮೂಲದ ಮನೆಗಳಲ್ಲಿ ಮೆಣಸಿನಕಾಯಿ ಅರೆದು ಮಾಡುವ ಮೋಲೆ ಸಾರಿನ ಜೊತೆ ಇದೇ ಕೋಳಿ ಬಂದರೆ ಅದನ್ನು ಬೆರಕೆ ಅಡುಗೆ ಅನ್ನಬೇಡಿ, ಅದು ಹಕ್ಕಿ ತನ್ನ ತವರಿಗೆ ವಾಪಸ್ ಹೋದ ಹಾಗೆ.

ಈಗ ಹೊಟ್ಟೆಯೊಳಗೆ. ಸಾಮಾನ್ಯವಾಗಿ ಒಣ ಬ್ರೆಡ್ ಚೂರು, ಈರುಳ್ಳಿ, ಸೆಲರಿ ದಂಟು, ಸೇಜ್ ಎಂಬ ಸುವಾಸನೆಯ ಎಲೆ. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಮೆಕ್ಕೆಜೋಳದ ಬ್ರೆಡ್. ಕೆರಿಬಿಯನ್ ದ್ವೀಪ ಪೋರ್ಟೊ ರಿಕೊ ಮೂಲದ ಮನೆಗಳಲ್ಲಿ ಬೆಳ್ಳುಳ್ಳಿ, ಓರೆಗಾನೊ ಜಜ್ಜಿ ಇಡೀ ಟರ್ಕಿಗೆ ಹಂದಿ ಹುರಿಯುವ ಮಸಾಲೆಯನ್ನೇ ಹಚ್ಚುತ್ತಾರೆ, ಅದಕ್ಕೆ ಪವೊಚೋನ್ ಅಂತ ಹೆಸರು. ನನ್ನ ಅಣ್ಣ ಮದುವೆಯಾದದ್ದು ಚೀನಾ ಮೂಲದ ಅಮೆರಿಕನ್ ಹುಡುಗಿಯನ್ನು, ಅತ್ತಿಗೆ ತುಂಬುವುದು ಜಿಗುಟು ಅಕ್ಕಿ, ಅಣಬೆ, ಲಾಪ್ ಚಿಯೊಂಗ್ ಎಂಬ ಸಿಹಿ ಸಾಸೇಜ್. ಏನೇ ತುಂಬಿದರೂ ನಡುಭಾಗದ ಬಿಸಿ 74 ಡಿಗ್ರಿ ಸೆಲ್ಸಿಯಸ್ ಮುಟ್ಟಲೇಬೇಕು. ಮಾಂಸ ಬೆಂದಿದೆ ಅಂತ ನಿಲ್ಲಿಸಿದರೆ ಒಳಗಿನದು ಅರ್ಧ ಹಸಿಯಾಗಿಯೇ ಇರಬಹುದು.

ಪಕ್ಕದಲ್ಲಿ ಬಡಿಸುವುದರಲ್ಲೇ ನಿಜವಾದ ಪಾಠ ಇದೆ. ಬೆಣ್ಣೆ, ಆಲೂಗಡ್ಡೆ ಮುದ್ದೆ, ಗ್ರೇವಿ, ಎಲ್ಲವೂ ಮೆತ್ತಗೆ, ಜಿಡ್ಡು. ಹುಳಿ ಕೊಡುವುದು ಕೆಂಪು ಪುಟ್ಟ ಹಣ್ಣು ಕ್ರ್ಯಾನ್‌ಬೆರಿ ಒಂದೇ. ಹಾಗಾಗಿ ಹೊಸಬರು ಮನೆಗೆ ಬಂದಾಗ ಮೊದಲು ಅವರ ಹುಳಿ ಪದಾರ್ಥ ಮೇಜಿಗೆ ಬರುತ್ತದೆ, ಇದು ನನ್ನ ಲೆಕ್ಕ. ಅಮೆರಿಕದ ಬಾಲ್ಟಿಮೋರ್‌ನಲ್ಲಿ ಜರ್ಮನ್ ವಲಸಿಗರಿಂದ ಬಂದ ಹುಳಿ ಎಲೆಕೋಸು ಇವತ್ತಿಗೂ ಟರ್ಕಿ ಜೊತೆ ಬಡಿಸುತ್ತಾರೆ. ಕೊರಿಯಾ ಕಡೆಯ ಮನೆಯಲ್ಲಿ ಖಾರ ಹಾಕಿ ಹುಳಿ ಬರಿಸಿದ ತರಕಾರಿ ಕಿಮ್ಚಿ. ನಮ್ಮವರ ಮನೆಯಲ್ಲಿ ಗೊಜ್ಜು. ಇಟಾಲಿಯನ್ ಮೂಲದವರು ಟರ್ಕಿಗೂ ಮೊದಲು ಪದರ ಪದರದ ಪಾಸ್ತಾ ಲಸಾನ್ಯ ಬಡಿಸುವುದು, ಕಪ್ಪು ಅಮೆರಿಕನ್ ಮನೆಗಳಲ್ಲಿ ಕುಂಬಳದ ಬದಲು ಸಿಹಿಗೆಣಸಿನ ಪೈ ಬರುವುದು ಬೇರೆ ದಾರಿ, ಅದು ಹಬ್ಬಕ್ಕೆ ತಕ್ಕ ತಮ್ಮ ದೊಡ್ಡ ಅಡುಗೆಯನ್ನು ಕೈಬಿಡದೆ ಇರುವುದು.

ಅಮ್ಮ ಅಣ್ಣನ ಮನೆಯಲ್ಲಿ ಮಾಡಿದ ಗೊಜ್ಜು ನಾನು ಪಕ್ಕದಲ್ಲೇ ನಿಂತು ನೋಡಿದ್ದೇನೆ. 340 ಗ್ರಾಂ ಚೀಲದ ಕ್ರ್ಯಾನ್‌ಬೆರಿ, ಸ್ವಲ್ಪ ನೀರು, ಉಪ್ಪು. ಕುದಿ ಬಂದ ಕೂಡಲೇ ಹಣ್ಣುಗಳು ಸಾಸಿವೆ ಹಾಗೆ ಪಟಪಟ ಸಿಡಿಯುತ್ತವೆ, ಮುಚ್ಚಳ ಹಾಕಿ. ಹತ್ತು ನಿಮಿಷಕ್ಕೆ ತಾನೇ ಗಟ್ಟಿಯಾಗುತ್ತದೆ, ಆ ಹಣ್ಣಿನಲ್ಲಿ ಪೆಕ್ಟಿನ್ ಜಾಸ್ತಿ. ಹುಣಸೆಹಣ್ಣು ಬೇಡವೇ ಬೇಡ. ಬೆಲ್ಲ, ಸಾರಿನ ಪುಡಿ, ಮೇಲೆ ಇಂಗು, ಒಣಮೆಣಸಿನಕಾಯಿ ಒಗ್ಗರಣೆ. ಅತ್ತಿಗೆಯ ಅಪ್ಪ ಅದನ್ನು ಜಿಗುಟು ಅಕ್ಕಿ ಜೊತೆ ಕಲಸಿಕೊಂಡು ಎರಡು ಸಲ ಹಾಕಿಸಿಕೊಂಡರು. ಅಮ್ಮನ ಮುಖ ನೋಡಬೇಕಿತ್ತು!

ಅದೇ ಊಟದಲ್ಲಿ ಒಂದು ಎಡವಟ್ಟೂ ಆಯಿತು. ಅಮ್ಮ ಶುದ್ಧ ಸಸ್ಯಾಹಾರಿ. ಸಿಹಿಗೆಣಸಿನ ಮೇಲೆ ಮೆತ್ತನೆಯ ಸಕ್ಕರೆ ಮಿಠಾಯಿ ಮಾರ್ಷ್‌ಮೆಲೋ ಹಾಕಿ ಕೆಂಪಗೆ ಸುಟ್ಟಿದ್ದರು, ಗೆಣಸು ಅಲ್ವಾ ಅಂತ ನಾನೇ ಬಡಿಸಿದೆ. ಮಾರ್ಷ್‌ಮೆಲೋಗೆ ಸಾಮಾನ್ಯವಾಗಿ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಜೆಲಾಟಿನ್ ಹಾಕುತ್ತಾರೆ ಅಂತ ಆಮೇಲೆ ಗೊತ್ತಾಗಿ ತುಂಬಾ ಬೇಜಾರಾಯಿತು. ಮುಸ್ಲಿಂ, ಯೆಹೂದಿ ನೆಂಟರಿದ್ದರೂ ಇದೇ ತೊಂದರೆ, ಹಂದಿಯ ಜೆಲಾಟಿನ್ ಅವರಿಗೆ ಆಗದು. ಕೋಶರ್ ಎಂಬ ಯೆಹೂದಿ ಆಹಾರ ನಿಯಮ ಪಾಲಿಸುವವರು ಮಾಂಸದ ಜೊತೆ ಹಾಲು, ಬೆಣ್ಣೆ ತಿನ್ನುವುದಿಲ್ಲ, ಅವರ ಆಲೂಗಡ್ಡೆಗೆ ಎಣ್ಣೆ ಹಾಕಿ. ಬ್ರೆಡ್ ತುಂಬುವಿಕೆಗೆ ಕೋಳಿ ರಸ ಹಾಕುವುದು ಮಾಮೂಲು, ಸಸ್ಯಾಹಾರಿಗಳು ಕೇಳದೆ ಬಡಿಸಿಕೊಳ್ಳಬೇಡಿ.

ಕೊನೆಗೆ ಮರುದಿನ. ಅಮೆರಿಕದ ಲೂಸಿಯಾನಾ ರಾಜ್ಯದಲ್ಲಿ ಉಳಿದ ಟರ್ಕಿ ಗಂಬೋ ಎಂಬ ಗಟ್ಟಿ ಸಾರು ಆಗುತ್ತದೆ, ಉಳಿದ ಕಡೆ ಸುಮ್ನೆ ಸ್ಯಾಂಡ್‌ವಿಚ್. ಅತ್ತಿಗೆ ಮನೆಯಲ್ಲಿ ರಾತ್ರಿಯೇ ಮೂಳೆಗಳನ್ನೆಲ್ಲ ದೊಡ್ಡ ಪಾತ್ರೆಗೆ ಹಾಕಿ ಕುದಿಸಿ, ಶುಕ್ರವಾರ ಬೆಳಿಗ್ಗೆ ಆ ರಸದಲ್ಲಿ ಅಕ್ಕಿ ಕರಗುವಷ್ಟು ಬೇಯಿಸುತ್ತಾರೆ. ಜುಕ್ ಅಂತಾರೆ, ನಮ್ಮ ಗಂಜಿಯೇ. ಮೇಲೆ ಶುಂಠಿ, ಈರುಳ್ಳಿ ಸೊಪ್ಪು. ಅಮ್ಮನಿಗೆ ಪಕ್ಕದ ಒಲೆಯಲ್ಲಿ ಬರೀ ನೀರಿನಲ್ಲಿ ಬೇರೆ ಗಂಜಿ ಇಟ್ಟಿದ್ದರು. ಎರಡೂ ಬಟ್ಟಲಿಗೆ ಉಳಿದ ಗೊಜ್ಜು ಬಿತ್ತು.