ಬೆಣ್ಣೆ ತೆಗೆದ ಮೇಲೆ ಕೇಕಿನೊಳಗೆ ಏನಾಗುತ್ತದೆ?

ಜಿಡ್ಡು ಸಣ್ಣ ಕರುಳಿಗೆ ಇಳಿದ ಕೂಡಲೇ ಕೋಲಿಸಿಸ್ಟೊಕೈನಿನ್ ಎಂಬ ಹಾರ್ಮೋನು ಹೊರಬೀಳುತ್ತದೆ. ಅದರ ಸೂಚನೆಯಂತೆ ಪಿತ್ತಕೋಶ ಹಿಂಡಿಕೊಳ್ಳುತ್ತದೆ, ಮೇದೋಜ್ಜೀರಕ ಗ್ರಂಥಿ ಕಿಣ್ವ ಸುರಿಸುತ್ತದೆ. ಪಿತ್ತಕೋಶದಲ್ಲಿ ಕಲ್ಲಿರುವವರಿಗೆ ಆ ಹಿಂಡುವಿಕೆಯೇ ಯಾತನೆ. ಕೈಲೋಮೈಕ್ರಾನ್ ಎಂಬ ಜಿಡ್ಡಿನ ಕಣಗಳನ್ನು ಒಡೆಯುವ ಶಕ್ತಿ ಹುಟ್ಟಿನಿಂದಲೇ ಇಲ್ಲದವರೂ ಇದ್ದಾರೆ. ಅವರ ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಜಿಡ್ಡು ವಿಪರೀತ ಏರಿ ಮೇದೋಜ್ಜೀರಕದ ಉರಿಯೂತ ಮತ್ತೆ ಮತ್ತೆ ಮರುಕಳಿಸಬಹುದು. ಇಂಥವರಿಗೆ ಇಡೀ ದಿನಕ್ಕೆ ಸಿಗುವ ಜಿಡ್ಡು ಸಾಮಾನ್ಯವಾಗಿ 15ರಿಂದ 20 ಗ್ರಾಂ. ಒಂದು ದೊಡ್ಡ ಚಮಚ ಬೆಣ್ಣೆಯಲ್ಲೇ 11 ಗ್ರಾಂಗೂ ಹೆಚ್ಚು ಜಿಡ್ಡಿದೆ. ಸಾಧಾರಣ ಬೆಣ್ಣೆ ಕೇಕಿನ ಒಂದು ತುಂಡು ದಿನದ ಲೆಕ್ಕದ ಅರ್ಧವನ್ನು ನುಂಗಿಬಿಡುತ್ತದೆ.

ಹಾಗೆಂದು ಸಿಹಿಯನ್ನೇ ಬಿಟ್ಟುಬಿಡಬೇಕಿಲ್ಲ. ವರ್ಷಗಟ್ಟಲೆ, ಕೆಲವೊಮ್ಮೆ ಜೀವನವಿಡೀ ಪಾಲಿಸಬೇಕಾದ ಪಥ್ಯದಲ್ಲಿ ತೃಪ್ತಿ ಕೊಡುವ ಒಂದು ತಿನಿಸಿಗೆ ಜಾಗ ಇರಲೇಬೇಕು. ಅದಿಲ್ಲದಿದ್ದರೆ ಪಥ್ಯ ಬಹಳ ದಿನ ನಿಲ್ಲುವುದಿಲ್ಲ. ಬೆಣ್ಣೆಯ ಜಾಗಕ್ಕೆ ಅಷ್ಟೇ ತೂಕದ ಇನ್ನೇನನ್ನೋ ಸುರಿದರೆ ಮಾತ್ರ ಕೆಲಸ ಕೆಡುತ್ತದೆ. ಬೆಣ್ಣೆ ಏನೇನು ಮಾಡುತ್ತಿತ್ತು ಎಂದು ನೋಡಿ, ಒಂದೊಂದು ಕೆಲಸವನ್ನೂ ಬೇರೆ ಬೇರೆ ಪದಾರ್ಥಕ್ಕೆ ವಹಿಸಬೇಕು. ಜಿಡ್ಡೇ ಬೇಡದ ತಿನಿಸನ್ನು ಆರಿಸಿಕೊಂಡರೆ ಇನ್ನೂ ಒಳ್ಳೆಯದು.

ಆ ಎರಡನೆಯ ದಾರಿಯಲ್ಲಿ ಮೊದಲು ಬರುವುದು ಮೊಟ್ಟೆಯ ಬಿಳಿಭಾಗದ ನೊರೆಯಿಂದಲೇ ಏಳುವ ಏಂಜೆಲ್ ಫುಡ್ ಕೇಕ್. ಅದು ಬೆಣ್ಣೆ ಕೇಕಿನ ಬಡ ಅನುಕರಣೆಯಲ್ಲ. ಅದರ ರಚನೆಗೆ ಜಿಡ್ಡು ಶತ್ರು. ಮೊಟ್ಟೆಯ ಬಿಳಿಭಾಗವನ್ನು ಕಡೆದಾಗ ಪ್ರೋಟೀನುಗಳು ಸುರುಳಿ ಬಿಚ್ಚಿ ಗಾಳಿಗುಳ್ಳೆಗಳ ಸುತ್ತ ಪೊರೆ ಕಟ್ಟುತ್ತವೆ. ಒಂದು ತೊಟ್ಟು ಹಳದಿಭಾಗ ಬೆರೆತರೂ ಅದರ ಜಿಡ್ಡು ಆ ಪೊರೆಯ ಜಾಗವನ್ನು ಆಕ್ರಮಿಸಿ ನೊರೆ ಸರಿಯಾಗಿ ಏಳದಂತೆ ಮಾಡುತ್ತದೆ. ಪ್ಲಾಸ್ಟಿಕ್ ಬಟ್ಟಲು ಎಷ್ಟು ತೊಳೆದರೂ ಜಿಡ್ಡು ಹಿಡಿದಿಟ್ಟುಕೊಳ್ಳುತ್ತದೆ. ಸ್ಟೀಲು ಅಥವಾ ಗಾಜಿನ ಬಟ್ಟಲನ್ನೇ ತೆಗೆದುಕೊಂಡು, ವಿನೆಗರ್ ಹಚ್ಚಿದ ಬಟ್ಟೆಯಿಂದ ಒರೆಸಿ.

ಅಳತೆ ಹೀಗಿದೆ: 12 ಮೊಟ್ಟೆಗಳ ಬಿಳಿಭಾಗ, ಅಂದರೆ ಸುಮಾರು 360 ಗ್ರಾಂ, ಸಕ್ಕರೆ 300 ಗ್ರಾಂ, ಮೈದಾ 95 ಗ್ರಾಂ ಮತ್ತು ಕಾರ್ನ್‌ಫ್ಲೋರ್ 20 ಗ್ರಾಂ, ಕ್ರೀಮ್ ಆಫ್ ಟಾರ್ಟರ್ (ನೊರೆಯನ್ನು ನಿಲ್ಲಿಸುವ ಹುಳಿಪುಡಿ) ಒಂದೂವರೆ ಟೀ ಚಮಚ, ಚಿಟಿಕೆ ಉಪ್ಪು, ವೆನಿಲಾ. ಮೊಟ್ಟೆ ತಣ್ಣಗಿರುವಾಗ ಬಿಳಿ–ಹಳದಿ ಬೇರ್ಪಡಿಸುವುದು ಸುಲಭ. ಕಡೆಯುವ ಮೊದಲು ಬಿಳಿಭಾಗ ಕೋಣೆಯ ಉಷ್ಣಾಂಶಕ್ಕೆ ಬರಲಿ. ಪೊಟ್ಟಣದಲ್ಲಿ ಸಿಗುವ ಪಾಶ್ಚರೀಕರಿಸಿದ ಬಿಳಿಭಾಗ ಬಿಸಿ ಕಂಡಿರುವುದರಿಂದ ಸರಿಯಾಗಿ ನೊರೆಯೇಳುವುದಿಲ್ಲ, ಇದಕ್ಕೆ ಅದು ಬೇಡ. ಟಾರ್ಟರ್ ಹಾಕಿ ಮಧ್ಯಮ ವೇಗದಲ್ಲಿ ಕಡೆಯುತ್ತಾ, ನೊರೆಯಲ್ಲಿ ಗೆರೆ ಉಳಿಯತೊಡಗಿದಾಗ ಅರ್ಧ ಸಕ್ಕರೆಯನ್ನು ಚಮಚ ಚಮಚವಾಗಿ ಸೇರಿಸಿ. ಕಡೆಗೋಲನ್ನು ಎತ್ತಿದಾಗ ನೊರೆಯ ತುದಿ ಗಿಳಿಯ ಕೊಕ್ಕಿನಂತೆ ಬಾಗಿದರೆ ಅಲ್ಲಿಗೆ ನಿಲ್ಲಿಸಬೇಕು. ಇನ್ನೂ ಕಡೆದರೆ ನೊರೆ ಉದುರುದುರಾಗಿ ನೀರು ಬಿಡುತ್ತದೆ. ಬಿಗಿದುಕೊಂಡ ಗುಳ್ಳೆಗಳು ಓವನ್ನಿನಲ್ಲಿ ಹಿಗ್ಗಲಾರದೆ ಒಡೆಯುತ್ತವೆ. ಉಳಿದ ಸಕ್ಕರೆಯನ್ನು ಹಿಟ್ಟಿನೊಂದಿಗೆ ಎರಡು ಸಲ ಜರಡಿ ಹಿಡಿದು, ನಾಲ್ಕು ಕಂತಿನಲ್ಲಿ ಉದುರಿಸಿ, ಅಗಲ ಸೌಟಿನಿಂದ ಕೆಳಗಿನಿಂದ ಮೇಲಕ್ಕೆ ಮೆಲ್ಲಗೆ ಮಗುಚಿ.

ನಡುವೆ ಕೊಳವೆಯಿರುವ ಅಚ್ಚಿಗೆ ಏನನ್ನೂ ಸವರಬಾರದು. ಹಿಟ್ಟು ಗೋಡೆಯನ್ನು ಹಿಡಿದುಕೊಂಡೇ ಮೇಲೇರುತ್ತದೆ. ನಾನ್‌ಸ್ಟಿಕ್ ಅಚ್ಚಿನಲ್ಲಿ ಆ ಹಿಡಿತ ಸಿಗದು. 175 ಡಿಗ್ರಿ ಸೆಲ್ಸಿಯಸ್‌ನಲ್ಲಿ 35ರಿಂದ 40 ನಿಮಿಷ ಬೇಯಿಸಿ, ಹೊರತೆಗೆದ ಕೂಡಲೇ ಅಚ್ಚನ್ನು ತಲೆಕೆಳಗಾಗಿ ನಿಲ್ಲಿಸಿ ಪೂರ್ತಿ ಆರುವ ತನಕ, ಕನಿಷ್ಠ ಒಂದೂವರೆ ಗಂಟೆ, ಮುಟ್ಟಬೇಡಿ. ಬಿಸಿಯಲ್ಲಿ ಒಳಗಿನ ಜಾಲ ಇನ್ನೂ ಮೆತ್ತಗಿರುತ್ತದೆ, ನೆಟ್ಟಗಿಟ್ಟರೆ ತನ್ನ ಭಾರಕ್ಕೇ ಕುಸಿಯುತ್ತದೆ. ತಲೆಕೆಳಗು ಮಾಡಿದಾಗ ಕೇಕು ಜಾರಿ ಬಿದ್ದರೆ ಅಚ್ಚಿಗೆ ಜಿಡ್ಡು ತಾಗಿದೆ ಅಥವಾ ಬೆಂದಿಲ್ಲ ಎಂದರ್ಥ. ಇಡೀ ಕೇಕಿನಲ್ಲಿರುವ ಜಿಡ್ಡು ಒಂದು–ಒಂದೂವರೆ ಗ್ರಾಂ, ಅದೂ ಬಹುಪಾಲು ಮೈದಾದಿಂದ ಬಂದದ್ದು.

ಕೋಕೋ ಕೇಕೇ ಬೇಕೆನ್ನುವವರಿಗೆ ಮೊದಲ ದಾರಿ. ಬೆಣ್ಣೆ ಹಿಟ್ಟಿನ ಪ್ರೋಟೀನಿಗೆ ಲೇಪವಾಗಿ ಗ್ಲುಟೆನ್ ಎಳೆ ಉದ್ದ ಬೆಳೆಯದಂತೆ ತಡೆಯುತ್ತದೆ, ಸಕ್ಕರೆಯೊಡನೆ ಕಡೆದಾಗ ಗಾಳಿ ಹಿಡಿಯುತ್ತದೆ, ತಿನ್ನುವಾಗ ಬಾಯಿಗೆ ತೇವದ ಅನುಭವ ಕೊಡುತ್ತದೆ. ಅದನ್ನು ತೆಗೆದು ಹಣ್ಣಿನ ತಿರುಳು ಹಾಕಿದಾಗ ಅದರ ಬಹುಪಾಲು ನೀರೇ. ನೀರು ಗ್ಲುಟೆನ್ನಿಗೆ ಬಲ ಕೊಡುತ್ತದೆ. ಜಿಡ್ಡಿಲ್ಲದ ಕೇಕು ರಬ್ಬರಿನಂತಾಯಿತು ಎಂಬ ದೂರಿನ ಮೂಲ ಇದೇ. ಇದಕ್ಕೆ ಮೂರು ಮದ್ದು ಒಟ್ಟಿಗೆ ಬೇಕು: ಹಿಟ್ಟಿನ ಏಳನೇ ಒಂದು ಭಾಗ ಕಾರ್ನ್‌ಫ್ಲೋರ್ ಆಗಿರಲಿ, ಮೊಸರಿನಂಥ ಹುಳಿ ಪದಾರ್ಥ ಇರಲಿ, ಕಲಸುವುದು ಆದಷ್ಟು ಕಡಿಮೆಯಾಗಲಿ.

ಮೈದಾ 150 ಗ್ರಾಂ, ಕಾರ್ನ್‌ಫ್ಲೋರ್ 25, ಕೋಕೋ ಪುಡಿ 40, ಸಕ್ಕರೆ 200, ಅಡುಗೆ ಸೋಡಾ ಅರ್ಧ ಟೀ ಚಮಚ, ಬೇಕಿಂಗ್ ಪೌಡರ್ ಒಂದು ಟೀ ಚಮಚ, ಉಪ್ಪು ಕಾಲು ಟೀ ಚಮಚ. ದ್ರವಕ್ಕೆ: ಜಿಡ್ಡುರಹಿತ ಮೊಸರು 150 ಗ್ರಾಂ, ಸಕ್ಕರೆ ಹಾಕದೆ ಬೇಯಿಸಿ ಅರೆದ ಸೇಬು 120 ಗ್ರಾಂ, ಎರಡು ಮೊಟ್ಟೆಯ ಬಿಳಿಭಾಗ, ಬಿಸಿ ಕಪ್ಪು ಕಾಫಿ 100 ಮಿಲಿಲೀಟರ್. ಕಾಫಿಯನ್ನು ಕೋಕೋ ಮೇಲೆ ಸುರಿದು ಐದು ನಿಮಿಷ ಬಿಡಿ. ಬಿಸಿಗೆ ಕೋಕೋ ನೆನೆದು ಘಮ ಬಿಡುತ್ತದೆ. ಅದು ಉಗುರುಬೆಚ್ಚಗಾದ ಮೇಲೆ ಉಳಿದ ದ್ರವಗಳನ್ನು ಸೇರಿಸಿ, ಒಣ ಪುಡಿಗಳ ಮೇಲೆ ಸುರಿದು, ಒಣಹಿಟ್ಟು ಕಾಣದಾದ ಕೂಡಲೇ ಕೈ ನಿಲ್ಲಿಸಿ. ಸಣ್ಣ ಗಂಟು ಉಳಿದರೆ ಉಳಿಯಲಿ. ಬಟರ್ ಪೇಪರ್ ಹಾಸಿದ 20 ಸೆಂಟಿಮೀಟರ್ ಚೌಕ ತಟ್ಟೆಯಲ್ಲಿ, 165 ಡಿಗ್ರಿಯಲ್ಲಿ ಸುಮಾರು 30 ನಿಮಿಷ. ಚುಚ್ಚಿದ ಕಡ್ಡಿಗೆ ಒಂದೆರಡು ತೇವದ ಚೂರು ಅಂಟಿಕೊಂಡಿರುವಾಗಲೇ ತೆಗೆಯಬೇಕು. ಜಿಡ್ಡಿರುವ ಕೇಕು ಐದು ನಿಮಿಷ ಹೆಚ್ಚು ಬೆಂದರೂ ತಡೆದುಕೊಳ್ಳುತ್ತದೆ, ಇದು ತಡೆದುಕೊಳ್ಳುವುದಿಲ್ಲ.

12 ತುಂಡು ಮಾಡಿದರೆ ತುಂಡಿಗೆ ಒಂದು ಗ್ರಾಂಗಿಂತ ಕಡಿಮೆ ಜಿಡ್ಡು. ಆದರೆ ಇಲ್ಲಿ ಕೋಕೋ ಡಬ್ಬದ ಹಿಂಬದಿ ಓದಲೇಬೇಕು. ಕೆಲವು ಪುಡಿಗಳಲ್ಲಿ ಜಿಡ್ಡು ನೂರಕ್ಕೆ 10–12 ಗ್ರಾಂ, ಕೆಲವದರಲ್ಲಿ 20–24. ಮೊದಲನೆಯದರಲ್ಲಿ ಇಡೀ ಕೇಕಿಗೆ ನಾಲ್ಕೈದು ಗ್ರಾಂ, ಎರಡನೆಯದರಲ್ಲಿ ಅದರ ಇಮ್ಮಡಿ. ಚಾಕೊಲೇಟ್ ಗಟ್ಟಿಯ ಸುಮಾರು ಮೂರನೇ ಒಂದು ಭಾಗ ಜಿಡ್ಡೇ, ಅದು ಇಲ್ಲಿಗೆ ಸಲ್ಲದು.

ಮರೆಯಲ್ಲಿರುವ ಜಿಡ್ಡಿನ ಲೆಕ್ಕ ಹಿಡಿಯುವುದು ಈ ಪಥ್ಯದ ಅರ್ಧ ಕೆಲಸ. ಬಾದಾಮಿ ಹಿಟ್ಟಿನ ಅರ್ಧ ತೂಕ ಜಿಡ್ಡು. ಓಟ್ಸ್‌ನಲ್ಲಿ ನೂರಕ್ಕೆ ಸುಮಾರು 7 ಗ್ರಾಂ. ಒಂದು ಮೊಟ್ಟೆಯ ಹಳದಿಭಾಗದಲ್ಲಿ ಐದು ಗ್ರಾಂ ಹತ್ತಿರ. ತಟ್ಟೆಗೆ ಸಿಂಪಡಿಸುವ ಸ್ಪ್ರೇ ಡಬ್ಬದ ಮೇಲೆ ಸೊನ್ನೆ ಎಂದು ಬರೆದಿದ್ದರೂ ಒಳಗಿರುವುದು ಬಹುಪಾಲು ಎಣ್ಣೆಯೇ. ಕ್ಷಣಾರ್ಧದ ಸಿಂಪಡಣೆಯನ್ನು ಒಂದು ಬಾರಿಯ ಅಳತೆ ಎಂದು ಹಿಡಿದಿರುವುದರಿಂದ ಸೊನ್ನೆ ಬರುತ್ತದೆ. ತೆಂಗಿನೆಣ್ಣೆ ಸುಲಭವಾಗಿ ಜೀರ್ಣವಾಗುತ್ತದೆ ಎಂಬ ನಂಬಿಕೆಯೂ ಅಪಾಯದ್ದು. ಕೆಲವು ರೋಗಿಗಳಿಗೆ ವೈದ್ಯರು ಕೊಡುವ ಎಂಸಿಟಿ (ಮಧ್ಯಮ ಉದ್ದದ ಸರಪಳಿಯ ಕೊಬ್ಬು) ಎಣ್ಣೆ ಉಳಿದ ಜಿಡ್ಡು ಸಾಗುವ ದುಗ್ಧರಸದ (ಲಿಂಫ್) ಹಾದಿ ಬಿಟ್ಟು ನೇರ ಯಕೃತ್ತಿಗೆ ಹೋಗುತ್ತದೆ ನಿಜ, ಆದರೆ ಅದರಲ್ಲಿರುವುದು 8 ಮತ್ತು 10 ಇಂಗಾಲದ ಕೊಬ್ಬಿನಾಮ್ಲಗಳು. ತೆಂಗಿನೆಣ್ಣೆಯಲ್ಲಿ ಅವುಗಳ ಪಾಲು ಕಡಿಮೆ. ಅರ್ಧದಷ್ಟಿರುವುದು 12 ಇಂಗಾಲದ ಲಾರಿಕ್ ಆಮ್ಲ, ಅದು ಬಹುಪಾಲು ದುಗ್ಧರಸದ ಹಾದಿಯನ್ನೇ ಹಿಡಿಯುತ್ತದೆ. ಎಂಸಿಟಿ ಬಳಸಬಹುದೇ, ಎಷ್ಟು ಎಂಬುದನ್ನು ಚಿಕಿತ್ಸೆ ಕೊಡುವವರೇ ಹೇಳಬೇಕು.

ರುಚಿಯ ಕೊರತೆಯೂ ನಿಜವಾದದ್ದು. ಅನೇಕ ಪರಿಮಳದ ಅಣುಗಳು ಜಿಡ್ಡಿನಲ್ಲಿ ಕರಗಿ ನಿಧಾನವಾಗಿ ಹೊರಬರುತ್ತವೆ. ಜಿಡ್ಡಿಲ್ಲದಿದ್ದರೆ ಘಮ ಒಮ್ಮೆಲೇ ಬಂದು ತಟ್ಟನೆ ಆರಿಹೋಗುತ್ತದೆ. ಎಸೆನ್ಸ್ ಹೆಚ್ಚು ಸುರಿದರೆ ಮೊದಲ ತುತ್ತು ಘಾಟಾಗುತ್ತದೆಯೇ ಹೊರತು ಕೊರತೆ ನೀಗುವುದಿಲ್ಲ. ಇದಕ್ಕೆ ನಮಗೆ ಗೊತ್ತಿರುವ ಅತ್ಯುತ್ತಮ ಉಪಾಯ ಹುರಿದ ಹಾಲಿನ ಪುಡಿ. ಕೆಂಪಗೆ ಕಾಯಿಸಿದ ಬೆಣ್ಣೆಯ ಘಮಕ್ಕೆ ಮುಖ್ಯ ಕಾರಣ ಅದರಲ್ಲಿರುವ ಹಾಲಿನ ಪ್ರೋಟೀನು ಮತ್ತು ಸಕ್ಕರೆ ಕಂದುಗಟ್ಟುವುದು. ಅವೆರಡೂ ಕೆನೆ ತೆಗೆದ ಹಾಲಿನ ಪುಡಿಯಲ್ಲಿವೆ. 30 ಗ್ರಾಂ ಪುಡಿಯನ್ನು ಒಣ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕೈಬಿಡದೆ ಹುರಿದು, ಮರಳಿನ ಬಣ್ಣ ದಾಟಿ ತಿಳಿಗಂದು ಬಂದ ಕೂಡಲೇ ತಣ್ಣನೆಯ ತಟ್ಟೆಗೆ ಸುರಿಯಿರಿ. ಬಾಣಲೆಯಲ್ಲೇ ಬಿಟ್ಟರೆ ಅರೆ ನಿಮಿಷದಲ್ಲಿ ಕಹಿಯಾಗುತ್ತದೆ. ಹುರಿದ ಪುಡಿಯಲ್ಲಿ ಎರಡು ದೊಡ್ಡ ಚಮಚದಷ್ಟನ್ನು ಕೇಕಿನ ಹಿಟ್ಟಿಗೆ ಸೇರಿಸಿದರೆ ಬೆಣ್ಣೆಯ ನೆನಪು ಬರುವಷ್ಟು ಘಮ ಸಿಗುತ್ತದೆ.

ಕೆನೆಯ ಜಾಗಕ್ಕೆ ಕೆನೆ ತೆಗೆದ ಹಾಲು 500 ಮಿಲಿಲೀಟರ್, ಕಾರ್ನ್‌ಫ್ಲೋರ್ 35 ಗ್ರಾಂ, ಸಕ್ಕರೆ 70 ಗ್ರಾಂ ಸೇರಿಸಿ, ಕುದಿ ಬಂದ ಮೇಲೆ ಒಂದು ನಿಮಿಷ ತಿರುವಿದ ಕಸ್ಟರ್ಡ್ ಸಾಕು. ಗರಿಗರಿ ಬೆಣ್ಣೆ ಬಿಸ್ಕತ್ತಿನ ಆಸೆಯನ್ನು ಮಾತ್ರ ಬಿಡುವುದು ಮೇಲು. ಅದರ ಗರಿ ಜಿಡ್ಡಿನಿಂದಲೇ ಬರುವಂಥದ್ದು, ಹಣ್ಣಿನ ತಿರುಳು ಹಾಕಿದರೆ ಮೆತ್ತನೆಯ ಪುಟ್ಟ ಕೇಕಾಗುತ್ತದೆ. ಗರಿಯೇ ಬೇಕಿದ್ದರೆ ಮೆರಾಂಗ್, ಅಂದರೆ ಬಿಳಿಭಾಗ–ಸಕ್ಕರೆಯ ನೊರೆಯನ್ನು ಓವನ್ನಿನಲ್ಲಿ ಒಣಗಿಸಿದ ತಿನಿಸು ಮಾಡಿ: ನಾಲ್ಕು ಬಿಳಿಭಾಗಕ್ಕೆ 220 ಗ್ರಾಂ ಸಕ್ಕರೆ, 100 ಡಿಗ್ರಿಯಲ್ಲಿ ಒಂದೂವರೆ ಗಂಟೆ, ಓವನ್ ಆರಿಸಿ ಅದರೊಳಗೇ ತಣಿಯಲು ಬಿಡುವುದು.

ಟ್ರೈಗ್ಲಿಸರೈಡ್ ಏರಿರುವವರಿಗೂ, ಮೇದೋಜ್ಜೀರಕ ಸೋತು ಮಧುಮೇಹ ಬಂದವರಿಗೂ ಸಕ್ಕರೆಯ ಮೇಲೂ ಮಿತಿ ಇರುತ್ತದೆ. ಕೋಕೋ ಕೇಕಿನ ಸಕ್ಕರೆಯನ್ನು 150 ಗ್ರಾಂವರೆಗೆ ಇಳಿಸಬಹುದು. ಇನ್ನೂ ಇಳಿಸಿದರೆ ಕೇಕು ಬಿರುಸಾಗುತ್ತದೆ, ಏಕೆಂದರೆ ಬೆಣ್ಣೆ ಹೋದ ಮೇಲೆ ಮೃದುತ್ವ ಕೊಡುತ್ತಿರುವುದು ಸಕ್ಕರೆಯೇ. ಏಂಜೆಲ್ ಕೇಕು, ಮೆರಾಂಗ್ ಎರಡೂ ಸಕ್ಕರೆಯ ಮೇಲೆ ನಿಂತವು. ಇಂಥವರಿಗೆ ದಾಲ್ಚಿನ್ನಿ ಉದುರಿಸಿ 180 ಡಿಗ್ರಿಯಲ್ಲಿ 40 ನಿಮಿಷ ಬೇಯಿಸಿದ ಸೇಬು, ಮೇಲೊಂದು ಚಮಚ ಬಟ್ಟೆಯಲ್ಲಿ ಕಟ್ಟಿ ನೀರು ಬಸಿದ ಜಿಡ್ಡುರಹಿತ ಮೊಸರು ಹೆಚ್ಚು ಹೊಂದುತ್ತದೆ.

ಜಿಡ್ಡಿಲ್ಲದ ಕೇಕು ಬೇಗ ಗಡಸಾಗುತ್ತದೆ, ಫ್ರಿಜ್ಜಿನಲ್ಲಿಟ್ಟರೆ ಇನ್ನೂ ಬೇಗ. ಆ ತಂಪಿನಲ್ಲಿ ಪಿಷ್ಟ ಮತ್ತೆ ಹರಳುಗಟ್ಟುವ ವೇಗ ಹೆಚ್ಚು. ಹಣ್ಣಿನ ತೇವ ಇರುವುದರಿಂದ ಹೊರಗಿಟ್ಟರೆ ಎರಡು ದಿನದ ಮೇಲೆ ಬೂಷ್ಟು ಹಿಡಿಯುವ ಭಯ. ಆರಿದ ದಿನವೇ ತುಂಡು ಮಾಡಿ, ಒಂದೊಂದನ್ನೂ ಬೇರೆ ಬೇರೆ ಸುತ್ತಿ ಫ್ರೀಜರಿನಲ್ಲಿಡಿ. ತಿನ್ನುವಾಗ ಮೈಕ್ರೊವೇವ್‌ನಲ್ಲಿ 20 ಸೆಕೆಂಡು ಬೆಚ್ಚಗೆ ಮಾಡಿದರೆ ಹರಳುಗಟ್ಟಿದ ಪಿಷ್ಟ ಸಡಿಲಗೊಂಡು ತುಂಡು ಮತ್ತೆ ಮೆತ್ತಗಾಗುತ್ತದೆ.