‘ಶಾಂತಿ ಬೇಕು’ ಅನ್ನುವ ಪತ್ರಕ್ಕೆ ಉತ್ತರ ಬೇಗ ಬರುತ್ತದೆ, ಯಾಕೆ?

ಅಮೆರಿಕದ ಸಂಸದರ ಕಚೇರಿಗಳಲ್ಲಿ ಎಲ್ಲಕ್ಕಿಂತ ಬೇಗ ಉತ್ತರ ಸಿಗುವ ಪತ್ರ ಯಾವುದು ಗೊತ್ತಾ? ‘ಇಸ್ರೇಲಿಗಳಿಗೂ ಪ್ಯಾಲೆಸ್ಟೀನಿಯರಿಗೂ ನಡುವೆ ಶಾಂತಿ ಬರಲಿ, ದಯವಿಟ್ಟು ಏನಾದರೂ ಮಾಡಿ’ ಎಂಬ ಪತ್ರ. ಅದು ಬಂದರೆ ಕಚೇರಿ ಏನೂ ಮಾಡಬೇಕಾಗಿಲ್ಲ, ಅದಕ್ಕೇ. ಶಾಂತಿ ಬೇಡ ಅನ್ನುವ ಸಂಸದರು ಯಾರಿದ್ದಾರೆ? ‘ನಿಮ್ಮ ಕಳವಳವೇ ನನ್ನದೂ, ಬರೆದಿದ್ದಕ್ಕೆ ವಂದನೆಗಳು’ ಎಂಬ ಒಂದು ಪುಟ ಸಿದ್ಧವಾಗಿಯೇ ಇರುತ್ತದೆ. ಹೆಸರು ಬದಲಿಸಿ ಕಳಿಸಿದರೆ ಮುಗಿಯಿತು.

ಅಂಥ ಪುಟಗಳನ್ನು ಬರೆಯುವುದೇ ಕೆಲವು ವರ್ಷ ನನ್ನ ಕೆಲಸವಾಗಿತ್ತು. ವಾಷಿಂಗ್ಟನ್‌ನಲ್ಲಿ ಸಂಸತ್ತಿನ ಕೆಳಮನೆಯಾದ ಪ್ರತಿನಿಧಿ ಸಭೆಯ ಸದಸ್ಯರೊಬ್ಬರ ಕಚೇರಿಗೆ ಬರುವ ಪತ್ರ, ಇಮೇಲ್, ಫೋನುಗಳನ್ನು ನೋಡಿಕೊಳ್ಳುತ್ತಿದ್ದೆ. ಈಗ ಅಲ್ಲಿಗೆ ಮನವಿ ಹೊತ್ತು ಹೋಗುವವರಿಗೆ ತರಬೇತಿ ಕೊಡುತ್ತೇನೆ. ಅಮೆರಿಕದಲ್ಲಿರುವ ಕನ್ನಡಿಗರೂ ಆಗಾಗ ಕೇಳುತ್ತಾರೆ: ‘ನಾವು ಬರೆದದ್ದನ್ನ ಯಾರಾದ್ರೂ ಓದ್ತಾರಾ?’ ಓದುತ್ತಾರೆ. ಹೇಗೆ ಓದುತ್ತಾರೆ ಎಂದು ಗೊತ್ತಾದರೆ ನೀವು ಬರೆಯುವ ರೀತಿ ಬದಲಾಗುತ್ತದೆ.

ಪ್ರತಿನಿಧಿ ಸಭೆಯಲ್ಲಿ 435 ಸದಸ್ಯರು. ಒಬ್ಬೊಬ್ಬರ ಕ್ಷೇತ್ರದಲ್ಲೂ ಸುಮಾರು 7.6 ಲಕ್ಷ ಜನ. ಇಷ್ಟು ಜನಕ್ಕೆ ಕಾಯಂ ಸಿಬ್ಬಂದಿ ಹೆಚ್ಚೆಂದರೆ 18. ಅದರಲ್ಲೂ ಅರ್ಧ ಜನ ಊರಿನ ಕಚೇರಿಯಲ್ಲಿರುತ್ತಾರೆ. ಫೋನ್ ಎತ್ತುವವರು ಸಾಮಾನ್ಯವಾಗಿ ಕಾಲೇಜು ಹುಡುಗ ಹುಡುಗಿಯರು, ಅಂದರೆ ಇಂಟರ್ನ್‌ಗಳು. ಅವರು ಮೊದಲು ಕೇಳುವುದು ನಿಮ್ಮ ಅಭಿಪ್ರಾಯವನ್ನಲ್ಲ, ನಿಮ್ಮ ಜಿಪ್ ಕೋಡನ್ನು, ಅಂದರೆ ಅಲ್ಲಿನ ಪಿನ್ ಕೋಡನ್ನು. ಕ್ಷೇತ್ರದ ಹೊರಗಿನವರು ಎಂದಾದರೆ ಸಾಧಾರಣವಾಗಿ ಆ ಕರೆ ಲೆಕ್ಕಕ್ಕೆ ಸೇರುವುದಿಲ್ಲ. ಮಿಷಿಗನ್‌ನಿಂದ 2023ರಲ್ಲಿ ಸಭೆಗೆ ಬಂದ ಶ್ರೀ ಥಾಣೇದಾರ್ ಹುಟ್ಟಿದ್ದು ನಮ್ಮ ಚಿಕ್ಕೋಡಿಯಲ್ಲಿ. ನಮ್ಮ ಕಡೆಯವರಲ್ವಾ ಅಂತ ಕ್ಯಾಲಿಫೋರ್ನಿಯಾದಲ್ಲಿ ಕೂತು ಅವರಿಗೆ ಬರೆದರೆ ಉಪಯೋಗವಿಲ್ಲ. ಅಲ್ಲಿನ ಸನಿವೇಲ್, ಸಾಂತಾ ಕ್ಲಾರಾದಲ್ಲಿದ್ದರೆ ನಿಮ್ಮ ಪ್ರತಿನಿಧಿ ರೋ ಖನ್ನಾ. ಅವರಿಗೇ ಬರೆಯಬೇಕು. ಪೌರತ್ವ ಇರಲೇಬೇಕು ಅಂತಿಲ್ಲ, ಕ್ಷೇತ್ರದಲ್ಲಿ ವಾಸವಿದ್ದರೆ ಸಾಕು. ಆದರೆ ವೀಸಾದಲ್ಲಿರುವವರು ಈ ವಿಷಯದಲ್ಲಿ ಬಾಯಿ ಬಿಡಲು ಹಿಂಜರಿಯುವ ಕಾಲ ಇದು. ಅದು ನನಗೆ ಅರ್ಥವಾಗುತ್ತದೆ. ಯಾರನ್ನೂ ಒತ್ತಾಯಿಸುವುದಿಲ್ಲ.

ಸಂಘಟನೆಗಳು ಕೊಡುವ ಒಂದೇ ಒಕ್ಕಣೆಯ ಇಮೇಲ್ ಸಾವಿರ ಬಂದರೂ ಕಂಪ್ಯೂಟರ್ ಅವನ್ನು ಒಂದೇ ಕಟ್ಟಿಗೆ ಸೇರಿಸುತ್ತದೆ. ಹಾಗಂತ ಅದು ವ್ಯರ್ಥ ಅಲ್ಲ. ‘ಕದನವಿರಾಮದ ಪರ ಇಷ್ಟು, ವಿರೋಧ ಇಷ್ಟು’ ಎಂಬ ಲೆಕ್ಕ ಸದಸ್ಯರ ಮುಂದೆ ಹೋಗುತ್ತದೆ. ನೀವೇ ಕೂತು ಬರೆದ ಪತ್ರವನ್ನು ಮಾತ್ರ ಒಬ್ಬ ಮನುಷ್ಯ ಪೂರ್ತಿ ಓದುತ್ತಾನೆ. ಅಂಚೆಯಲ್ಲಿ ಕಳಿಸಿದರೆ ತೂಕ ಜಾಸ್ತಿ ಎಂಬ ನಂಬಿಕೆ ಈಗಲೂ ಇದೆ. 2001ರ ಅಕ್ಟೋಬರ್‌ನಲ್ಲಿ ಮೇಲ್ಮನೆ ಸೆನೆಟ್‌ನ ಸದಸ್ಯರಾದ ಟಾಮ್ ಡ್ಯಾಶಲ್, ಪ್ಯಾಟ್ರಿಕ್ ಲೇಹಿ ಅವರಿಗೆ ಆಂಥ್ರಾಕ್ಸ್ ಪುಡಿ ತುಂಬಿದ ಲಕೋಟೆಗಳನ್ನು ಕಳಿಸಲಾಗಿತ್ತು. ಅಂದಿನಿಂದ ಅಲ್ಲಿನ ಅಂಚೆಯನ್ನು ಬೇರೆ ಕಡೆ ವಿಕಿರಣದಲ್ಲಿ ಹಾಯಿಸಿ ತಪಾಸಣೆ ಮಾಡಿ ಕಳಿಸುತ್ತಾರೆ. ಕಾಗದ ಹಳದಿಗಟ್ಟಿ ಮೇಜಿಗೆ ಬರುವಷ್ಟರಲ್ಲಿ ಮತದಾನವೇ ಮುಗಿದಿರಬಹುದು. ತುರ್ತಿದ್ದರೆ ಫೋನ್ ಮಾಡಿ.

2023ರ ಅಕ್ಟೋಬರ್ 7ರಂದು ಹಮಾಸ್ ಸುಮಾರು 1,200 ಜನರನ್ನು ಕೊಂದು, ಸುಮಾರು 250 ಜನರನ್ನು ಒತ್ತೆಯಾಳಾಗಿ ಎಳೆದೊಯ್ದಿತು. ಆಮೇಲೆ ಗಾಜಾದ ಮೇಲೆ ಇಸ್ರೇಲ್ ನಡೆಸಿದ ಯುದ್ಧದಲ್ಲಿ ಹತ್ತಾರು ಸಾವಿರ ಜನ ಸತ್ತರು. ಸಂಸದರ ಕಚೇರಿಗಳಿಗೆ ಒತ್ತೆಯಾಳುಗಳ ಮನೆಯವರೂ ಬಂದರು, ಗಾಜಾದಲ್ಲಿ ಬಂಧುಗಳನ್ನು ಕಳೆದುಕೊಂಡವರೂ ಬಂದರು. ಫೋನುಗಳು ಬಿಡುವಿಲ್ಲದೆ ಬಡಿದುಕೊಂಡವು. ಆ ನವೆಂಬರ್‌ನಲ್ಲಿ ಸಂಸದರ ಸಿಬ್ಬಂದಿಯೇ ನೂರಕ್ಕೂ ಹೆಚ್ಚು ಜನ ಕೆಲಸ ನಿಲ್ಲಿಸಿ ಹೊರಬಂದು ಸಂಸತ್ ಭವನದ ಮೆಟ್ಟಿಲ ಬಳಿ ಸೇರಿ ಕದನವಿರಾಮಕ್ಕೆ ಒತ್ತಾಯಿಸಿದರು. ಕ್ಷೇತ್ರದ ಜನ ಅಂಗಲಾಚುತ್ತಿದ್ದಾರೆ, ಆ ಕರೆಗಳನ್ನು ಎತ್ತುವವರು ನಾವು ಎಂಬುದು ಅವರ ಅಳಲು. ಅವರನ್ನು ನೋಡಿ ಶಿಸ್ತು ಕೆಟ್ಟಿತು ಎಂದವರೂ ಇದ್ದರು. ನನಗೆ ಹಾಗನ್ನಿಸಲಿಲ್ಲ. ದಿನವಿಡೀ ಅಂಥ ಕರೆ ಕೇಳಿಸಿಕೊಂಡವರಿಗೆ ಗೊತ್ತು ಅದರ ಭಾರ.

ಈಗ ಮುಖ್ಯ ವಿಷಯಕ್ಕೆ ಬರೋಣ. ಜೆರುಸಲೇಮಿನಲ್ಲಿ ಶಾಂತಿ ತರುವ ಅಧಿಕಾರ ಅಮೆರಿಕದ ಸಂಸದರಿಗೆ ಇಲ್ಲ. ಅವರ ಕೈಯಲ್ಲಿರುವುದು ದುಡ್ಡು, ಶಸ್ತ್ರ ಮಾರಾಟದ ಮೇಲೆ ಒಂದು ಕಣ್ಣು, ಮಸೂದೆ, ಮತ್ತೆ ಜಂಟಿ ಪತ್ರಗಳಿಗೆ ಹಾಕುವ ಸಹಿ. ನಿಮ್ಮ ಮನವಿ ಈ ನಾಲ್ಕರಲ್ಲಿ ಒಂದಕ್ಕಾದರೂ ತಗುಲಬೇಕು.

ಶಸ್ತ್ರದ ಮಾತು ತೆಗೆದುಕೊಳ್ಳಿ. 2016ರ ಒಪ್ಪಂದದ ಪ್ರಕಾರ ಇಸ್ರೇಲಿಗೆ ಹತ್ತು ವರ್ಷಕ್ಕೆ 3,800 ಕೋಟಿ ಡಾಲರ್ ಮಿಲಿಟರಿ ನೆರವು. ದೊಡ್ಡ ಶಸ್ತ್ರ ಮಾರಾಟವಿದ್ದರೆ ಸರ್ಕಾರ ಮೊದಲು ಸಂಸತ್ತಿಗೆ ತಿಳಿಸಬೇಕು. ಆಗ ಒಬ್ಬ ಸೆನೆಟರ್ ‘ಇದು ಬೇಡ’ ಎಂಬ ನಿರ್ಣಯ ತಂದು ನೂರು ಸದಸ್ಯರ ಸೆನೆಟ್‌ನಲ್ಲಿ ಮತಕ್ಕೆ ಹಾಕಿಸಬಹುದು. ಬರ್ನಿ ಸ್ಯಾಂಡರ್ಸ್ ಮಾಡಿದ್ದು ಇದನ್ನೇ. 2024ರ ನವೆಂಬರ್‌ನಲ್ಲಿ ಅವರ ನಿರ್ಣಯಗಳಿಗೆ ಸಿಕ್ಕ ಮತ ಹೆಚ್ಚೆಂದರೆ 19. 2025ರ ಏಪ್ರಿಲ್‌ನಲ್ಲಿ 15ಕ್ಕೆ ಇಳಿಯಿತು. ಜುಲೈನಲ್ಲಿ 27ಕ್ಕೆ ಏರಿತು. ಅಂದರೆ ಡೆಮಾಕ್ರಟ್ ಪಾಳಯದ ಅರ್ಧಕ್ಕಿಂತ ಜಾಸ್ತಿ. ಎಲ್ಲವೂ ಸೋತವು. ಆ ಏರಿಕೆ ಪತ್ರಗಳಿಂದಲೇ ಆಯಿತು ಎಂದರೆ ಬುರುಡೆಯಾಗುತ್ತದೆ. ಆ ತಿಂಗಳು ಗಾಜಾದ ಹಸಿದ ಮಕ್ಕಳ ಚಿತ್ರಗಳು ಮನೆಮನೆಗೂ ತಲುಪಿದ್ದವು. ಆದರೂ ಮತ ಬದಲಿಸುವ ಸೆನೆಟರ್‌ಗೆ ಊರಿನಲ್ಲಿ ಬೆನ್ನಿಗೆ ನಿಲ್ಲುವವರು ಇದ್ದಾರೆ ಎಂಬ ಲೆಕ್ಕ ಬೇಕು. ಆ ಲೆಕ್ಕ ಕೊಡುವುದು ಕರೆಗಳೇ. ಒಂದು ಮಾತು: ಈ ಮತ ನಡೆಯುವುದು ಸೆನೆಟ್‌ನಲ್ಲಿ. ಆದರೂ ಪ್ರತಿನಿಧಿ ಸಭೆಯ ಕಚೇರಿಗೆ ಫೋನ್ ಮಾಡಿ ‘ಸ್ಯಾಂಡರ್ಸ್ ನಿರ್ಣಯಕ್ಕೆ ಮತ ಹಾಕಿ’ ಅನ್ನುವವರು ಬಹಳ. ಪಾಪ, ಆ ಇಂಟರ್ನ್ ಏನು ಬರೆದುಕೊಳ್ಳಬೇಕು?

ನನಗೆ ಹೆಚ್ಚು ಇಷ್ಟವಾದ ಕಥೆ ಇನ್ನೊಂದು. ಅದು ಪತ್ರಿಕೆಗಳಲ್ಲಿ ಅಷ್ಟಾಗಿ ಬರಲಿಲ್ಲ. ಇಸ್ರೇಲಿಗಳೂ ಪ್ಯಾಲೆಸ್ಟೀನಿಯರೂ ಒಟ್ಟಿಗೆ ಕೆಲಸ ಮಾಡುವ ನೂರಕ್ಕೂ ಹೆಚ್ಚು ಸಂಸ್ಥೆಗಳ ಒಕ್ಕೂಟವೊಂದಿದೆ, ಅಲಯನ್ಸ್ ಫಾರ್ ಮಿಡ್ಲ್ ಈಸ್ಟ್ ಪೀಸ್. ಈ ಸಂಘರ್ಷದಲ್ಲಿ ಮಕ್ಕಳನ್ನು, ಅಣ್ಣತಮ್ಮಂದಿರನ್ನು ಕಳೆದುಕೊಂಡ ಎರಡೂ ಕಡೆಯವರು ಸೇರಿ ಕಟ್ಟಿದ ಪೇರೆಂಟ್ಸ್ ಸರ್ಕಲ್ ಕೂಡ ಅದರಲ್ಲಿದೆ. ಈ ಒಕ್ಕೂಟದವರು ಸುಮ್ನೆ ‘ಶಾಂತಿ ಕೊಡಿ’ ಎಂದು ಕೇಳಲಿಲ್ಲ. ಐರ್ಲೆಂಡಿನತ್ತ ಕೈ ತೋರಿಸಿದರು. ಅಲ್ಲಿ 1986ರಲ್ಲೇ, ಹಿಂಸೆ ಜೋರಾಗಿದ್ದಾಗಲೇ, ಕ್ಯಾಥೊಲಿಕ್, ಪ್ರಾಟೆಸ್ಟಂಟ್ ಎಂಬ ಎರಡು ಸಮುದಾಯಗಳನ್ನು ಹತ್ತಿರ ತರುವ ಕೆಲಸಕ್ಕೆ ಅಂತರರಾಷ್ಟ್ರೀಯ ನಿಧಿ ಶುರುವಾಗಿತ್ತು. ಶಾಂತಿ ಒಪ್ಪಂದ ಆದದ್ದು 1998ರಲ್ಲಿ. ನಮಗೂ ಅಂಥದ್ದೊಂದು ನಿಧಿ ಬೇಕು, ಇಷ್ಟು ದುಡ್ಡು ಬೇಕು ಎಂದು ವರ್ಷವರ್ಷವೂ ಅದೇ ಕಚೇರಿಗಳ ಬಾಗಿಲು ತಟ್ಟಿದರು. ಸದಸ್ಯರು ಬದಲಾದರು, ಸಿಬ್ಬಂದಿ ಬದಲಾದರು, ಕೋರಿಕೆ ಬದಲಾಗಲಿಲ್ಲ. ಕೊನೆಗೆ ನ್ಯೂಯಾರ್ಕ್‌ನ ಡೆಮಾಕ್ರಟ್ ನೀಟಾ ಲೋವಿ ಮತ್ತು ನೆಬ್ರಾಸ್ಕಾದ ರಿಪಬ್ಲಿಕನ್ ಜೆಫ್ ಫೋರ್ಟೆನ್‌ಬೆರಿ ಕೈ ಜೋಡಿಸಿದರು. ಲೋವಿ ಆಗ ಅನುದಾನ ಸಮಿತಿಯ ಅಧ್ಯಕ್ಷೆ, ಅಂದರೆ ಹಣದ ಗಂಟು ಅವರ ಕೈಯಲ್ಲಿತ್ತು. 2020ರ ಡಿಸೆಂಬರ್‌ನಲ್ಲಿ ದೊಡ್ಡ ಬಜೆಟ್ ಮಸೂದೆಯೊಳಗೆ ಸೇರಿ ಅದು ಕಾನೂನಾಯಿತು. ಐದು ವರ್ಷಕ್ಕೆ 25 ಕೋಟಿ ಡಾಲರ್. ಮಿಲಿಟರಿ ನೆರವಿನ ಪಕ್ಕದಲ್ಲಿ ಇದು ಚಿಲ್ಲರೆ ಕಾಸು. ಆದರೂ ಎರಡೂ ಪಕ್ಷದವರು ಸಹಿ ಹಾಕಿದ ಚಿಲ್ಲರೆ ಅದು. ಈ ನೆರವನ್ನು ಹಂಚುತ್ತಿದ್ದ ಸಂಸ್ಥೆಗಳಲ್ಲಿ ಮುಖ್ಯವಾದ ಯುಎಸ್‌ಏಡ್ 2025ರಲ್ಲಿ ಮುಚ್ಚಿಹೋಯಿತು. ಹಾಗಾಗಿ ಈಗ ಕೇಳಬೇಕಾದದ್ದು ಬೇರೆ: ದುಡ್ಡು ಕೊಡಿ, ಹಂಚುವವರು ಯಾರು ಹೇಳಿ.

ಇನ್ನೊಂದು ಕಡೆಯವರಿಂದಲೂ ಕಲಿಯುವುದಿದೆ. ಇಸ್ರೇಲ್ ಪರ ಲಾಬಿ ಏಪ್ಯಾಕ್ ಬಗ್ಗೆ ಮಾತಾಡುವಾಗ ಎಲ್ಲರೂ ದುಡ್ಡನ್ನೇ ಹೇಳುತ್ತಾರೆ. ಅದು ಸುಳ್ಳಲ್ಲ. 2024ರಲ್ಲಿ ಇಸ್ರೇಲನ್ನು ಟೀಕಿಸುತ್ತಿದ್ದ ಡೆಮಾಕ್ರಟ್ ಪ್ರತಿನಿಧಿಗಳಾದ ಜಮಾಲ್ ಬೋಮನ್, ಕೋರಿ ಬುಷ್ ಇಬ್ಬರನ್ನೂ ಪಕ್ಷದೊಳಗಿನ ಚುನಾವಣೆಯಲ್ಲಿ ಸೋಲಿಸಲು ಅದರ ಅಂಗಸಂಸ್ಥೆ ಎರಡು ಕೋಟಿ ಡಾಲರಿಗೂ ಹೆಚ್ಚು ಸುರಿಯಿತು. ನಿಮ್ಮ ಪತ್ರ ಓದುವ ಸದಸ್ಯರ ತಲೆಯಲ್ಲಿ ಈ ಲೆಕ್ಕವೂ ಓಡುತ್ತಿರುತ್ತದೆ. ಆದರೆ ಅದರ ಬೆಂಬಲಿಗರು ಬರುವಾಗ ಕ್ಷೇತ್ರದ ಜನರನ್ನೇ ಕರೆತರುತ್ತಾರೆ, ಇಂಥದ್ದೇ ಮಸೂದೆ ಎಂದು ಹೇಳುತ್ತಾರೆ, ಮುಂದಿನ ವರ್ಷವೂ ಬರುತ್ತಾರೆ. ಇದಕ್ಕೆ ದುಡ್ಡು ಬೇಕಿಲ್ಲ.

ಯಾವಾಗ ಹೋಗಬೇಕು? ಬಜೆಟ್ ಕೋರಿಕೆಗಳಿಗೆ ವಸಂತದ ತಿಂಗಳುಗಳು. ಸದಸ್ಯರು ಅನುದಾನ ಸಮಿತಿಗೆ ಜಂಟಿ ಪತ್ರ ಬರೆಯುವ ಕಾಲ ಅದು. ‘ಆ ಪತ್ರಕ್ಕೆ ನೀವೂ ಸಹಿ ಹಾಕಿ’ ಎಂದು ಕೇಳಿದರೆ ಕಚೇರಿ ಹೌದು ಅಥವಾ ಇಲ್ಲ ಅನ್ನಲೇಬೇಕು. ಆಗಸ್ಟ್‌ನಲ್ಲಿ ಸದಸ್ಯರು ಊರಲ್ಲಿರುತ್ತಾರೆ, ಅಲ್ಲೇ ಭೇಟಿಯಾಗಿ. ನಾಲ್ಕೈದು ಜನ ಸಾಕು. ಒಬ್ಬರು ಚರ್ಚ್ ಅಥವಾ ಮಸೀದಿಯವರು, ಒಬ್ಬರು ಯಹೂದಿ ಸಮುದಾಯದವರು, ಒಬ್ಬ ಡಾಕ್ಟರ್, ಒಬ್ಬ ಅಂಗಡಿಯವರು ಇದ್ದರೆ ಚೆನ್ನ. ಸಿಬ್ಬಂದಿಯೊಬ್ಬರೇ ಸಿಕ್ಕರೆ ಬೇಜಾರು ಮಾಡಿಕೊಳ್ಳಬೇಡಿ. ಸದಸ್ಯರಿಗೆ ಟಿಪ್ಪಣಿ ಬರೆಯುವವರು ಅವರೇ.

‘ಖಂಡಿತ ಪರಿಶೀಲಿಸುತ್ತೇವೆ’ ಅಂದಾಗ ಎದ್ದು ಬರಬೇಡಿ. ಯಾರು ನೋಡುತ್ತಾರೆ, ಯಾವ ದಿನ ಫೋನ್ ಮಾಡಲಿ ಎಂದು ಕೇಳಿ ಬರೆದುಕೊಳ್ಳಿ. ಆ ದಿನ ಫೋನ್ ಮಾಡಿ.