‘ಬಿ.ಎ. ಫೇಲ್’ ಅನ್ನಬೇಡಿ, ಎಷ್ಟು ಬಾಕಿ ಇದೆ ಹೇಳಿ

‘ನಂದು ಬಿ.ಎ. ಫೇಲು ಸಾರ್.’ ಚಳ್ಳಕೆರೆ, ಹಿರಿಯೂರು ಕಡೆ ಪಾಠ ಮಾಡುತ್ತಾ ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಹೇಳುವವರಿಗೆ ಮೂವತ್ತೈದು, ನಲವತ್ತು ವಯಸ್ಸು. ಎಷ್ಟು ಸಬ್ಜೆಕ್ಟ್ ಉಳಿದಿದೆ ಅಂದರೆ ಒಂದು, ಹೆಚ್ಚೆಂದರೆ ಎರಡು. ಬಹಳ ಸಲ ಅದು ಇಂಗ್ಲಿಷೇ.

ದಯವಿಟ್ಟು ಇದೊಂದನ್ನು ತಿಳಿದುಕೊಳ್ಳಿ. ಫೇಲ್ ಆಗುವುದು ಪೇಪರು, ಬಿ.ಎ. ಅಲ್ಲ. ಐದು ಸೆಮಿಸ್ಟರ್ ಪಾಸಾಗಿ ಆರನೆಯದರಲ್ಲಿ ಒಂದು ಪೇಪರು ಹೋದರೆ, ಪಾಸಾದದ್ದು ಅಳಿಸಿ ಹೋಗುವುದಿಲ್ಲ. ಆ ಅಂಕಗಳು ವಿಶ್ವವಿದ್ಯಾಲಯದ ದಾಖಲೆಯಲ್ಲಿ ಹಾಗೇ ಇರುತ್ತವೆ. ನಿಮ್ಮ ಮಾರ್ಕ್ಸ್ ಕಾರ್ಡು, ರಿಜಿಸ್ಟರ್ ನಂಬರು ಜಮೀನಿನ ಪಹಣಿ ಇದ್ದ ಹಾಗೆ. ಅದನ್ನು ಯಾರಾದರೂ ಬಿಸಾಡುತ್ತಾರಾ?

ಜನಗಣತಿಯಲ್ಲಿ ಬರೆದುಕೊಳ್ಳುವುದು ಮುಗಿಸಿದ ಓದನ್ನು ಮಾತ್ರ. ಒಂದು ಪೇಪರು ಬಾಕಿ ಇರುವವರೂ ಅಲ್ಲಿ ಪಿಯುಸಿಯೇ. ಅಮೆರಿಕದಲ್ಲಿ 25 ದಾಟಿದವರ ಲೆಕ್ಕ ಹಾಕುವಾಗ, ಕಾಲೇಜಿಗೆ ಹೋಗಿ ಡಿಗ್ರಿ ಮುಗಿಸದವರಿಗೆ ಬೇರೆ ಸಾಲೇ ಇದೆ. ನಮ್ಮಲ್ಲಿ ಅದಿಲ್ಲ. ಹಾಗಾಗಿ ಇವರು ಯಾರ ಕಣ್ಣಿಗೂ ಬೀಳುವುದಿಲ್ಲ.

ದಲ್ಲಾಳಿಗಳ ಕಣ್ಣಿಗೆ ಮಾತ್ರ ಬೀಳುತ್ತಾರೆ. ಶೇಂಗಾ ಮಂಡಿಯಲ್ಲಿ ಲೆಕ್ಕ ಬರೆಯುವ ಒಬ್ಬರು ಕಳೆದ ವರ್ಷ ಬಂದಿದ್ದರು. 2006ರಲ್ಲಿ ಬಿ.ಎ. ಸೇರಿದವರು, ಇಂಗ್ಲಿಷ್ ಒಂದು ಉಳಿದಿತ್ತು. ‘ಒಂದೇ ವರ್ಷದಲ್ಲಿ ಡಿಗ್ರಿ ಕೊಡಿಸುತ್ತಾರಂತೆ, ಹತ್ತು ಸಾವಿರ ಮುಂಗಡ ಕೊಟ್ಟಿದ್ದೀನಿ’ ಅಂದರು. ನನಗೆ ಸಿಟ್ಟು ತಡೆಯಲಾಗಲಿಲ್ಲ, ಬೈದುಬಿಟ್ಟೆ. ಮೂರು ವರ್ಷದ ಡಿಗ್ರಿಯನ್ನು ಒಂದು ವರ್ಷದಲ್ಲಿ ಕೊಡಲು ಯಾರಿಗೂ ಅವಕಾಶವಿಲ್ಲ. ಅಂಥ ಕಾಗದ ಹಿಡಿದು ಪಿಡಿಒ ಹುದ್ದೆಗೆ ಅರ್ಜಿ ಹಾಕಿದರೆ ಕೆಲಸ ಸಿಗುವುದಿಲ್ಲ, ಕೇಸು ಬೀಳುತ್ತದೆ.

ಅವರ ಮಾರ್ಕ್ಸ್ ಕಾರ್ಡುಗಳು ಪುಣ್ಯಕ್ಕೆ ಹೆಂಡತಿಯ ಟ್ರಂಕಿನಲ್ಲಿ, ಸೀರೆಯ ಕೆಳಗೆ ಭದ್ರವಾಗಿದ್ದವು. ಆದರೆ ಅವರು ದಾವಣಗೆರೆಗೆ ಹೋಗಿ ಬರಿಗೈಲಿ ವಾಪಸು ಬಂದಿದ್ದರು. ಕಾರಣ ಇಷ್ಟೇ. ದಾವಣಗೆರೆ ವಿಶ್ವವಿದ್ಯಾಲಯ ಶುರುವಾಗಿದ್ದು 2009ರಲ್ಲಿ. ಅದಕ್ಕೂ ಮುಂಚೆ ಚಿತ್ರದುರ್ಗ ಜಿಲ್ಲೆಯ ಕಾಲೇಜುಗಳು ಕುವೆಂಪು ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಅವರು ಹೋಗಬೇಕಾದದ್ದು ಆ ವಿಶ್ವವಿದ್ಯಾಲಯ ಇರುವ ಶಂಕರಘಟ್ಟಕ್ಕೆ. ತುಮಕೂರಿನ ಹಳಬರಿಗೂ ಇದೇ ಗೊಂದಲ. 2004ಕ್ಕಿಂತ ಮುಂಚೆ ಅಲ್ಲಿನವರು ಬೆಂಗಳೂರು ವಿಶ್ವವಿದ್ಯಾಲಯದವರು. ಕಾರ್ಡಿನ ಮೇಲೆ ಯಾವ ಹೆಸರಿದೆಯೋ ಅಲ್ಲಿಗೇ ಹೋಗಿ.

ಹೋದವರಿಗೆಲ್ಲ ಪರೀಕ್ಷೆ ಬರೆಯಲು ಬಿಡುತ್ತಾರೆ ಅಂತ ನಾನು ಮಾತು ಕೊಡಲಾರೆ. ಬಾಕಿ ಪೇಪರು ಪಾಸು ಮಾಡಿಕೊಳ್ಳಲು ಸಾಮಾನ್ಯವಾಗಿ ಕೋರ್ಸಿನ ಎರಡರಷ್ಟು ಅವಧಿ ಇರುತ್ತದೆ. ಅದು ಮುಗಿದವರಿಗೆ ಕೆಲವೊಮ್ಮೆ ವಿಶೇಷ ಅವಕಾಶ ಅಂತ ಅರ್ಜಿ ಕರೆಯುತ್ತಾರೆ. ಕರೆದಾಗ ಬಿಡಬೇಡಿ. ಹಳೇ ಸ್ಕೀಮಿನ ಪೇಪರಿಗೆ ಈಗ ಸಮನಾದದ್ದು ಯಾವುದು ಅಂತ ಪರೀಕ್ಷಾ ವಿಭಾಗದಲ್ಲಿ ಕೇಳಿ, ಬರಹದಲ್ಲೇ ಉತ್ತರ ತೆಗೆದುಕೊಳ್ಳಿ. 2021ರಲ್ಲಿ ಒಂದು ಸಲ, 2024ರಲ್ಲಿ ಮತ್ತೊಂದು ಸಲ ರಾಜ್ಯದಲ್ಲಿ ಪದವಿಯ ಪಠ್ಯಕ್ರಮ ಬದಲಾಗಿದೆ. ಸುಮ್ನೆ ಯಾರೋ ಹೇಳಿದ್ದನ್ನು ನಂಬಬೇಡಿ. ಎಲ್ಲ ದಾರಿಯೂ ಮುಚ್ಚಿದ್ದರೆ ಮಾತ್ರ ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಲ್ಲಿ ಹೊಸದಾಗಿ ಸೇರಿ. ಮೂರು ವರ್ಷ ಹಿಡಿಯುತ್ತದೆ, ಆದರೆ ವಯಸ್ಸಾಯಿತು ಅಂತ ಅಲ್ಲಿ ಯಾರೂ ಬೇಡ ಅನ್ನುವುದಿಲ್ಲ.

ಮಂಡಿಯವರು ಮೊನ್ನೆ ಶಂಕರಘಟ್ಟಕ್ಕೆ ಹೋಗಿ ಅರ್ಜಿ ಕೊಟ್ಟು ಬಂದರು. ಮುಂಗಡದ ಹಣ ವಾಪಸು ಬಂದಿಲ್ಲ. ರಾತ್ರಿ ಊಟವಾದ ಮೇಲೆ ಪಿಯುಸಿ ಓದುವ ಮಗಳು ಅವರಿಗೆ ಇಂಗ್ಲಿಷ್ ಗ್ರಾಮರ್ ಹೇಳಿಕೊಡುತ್ತಿದ್ದಾಳೆ.